ಚಿಗುರು ತಿನ್ನುವ ಬಘೀರಾ

ಹುಲಿ ಹಸಿದರೂ ಹುಲ್ಲು ತಿನ್ನದು ಎಂಬ ಗಾದೆಯನ್ನು ನೀವು ಮನೆಯ ಹಿರಿಯರ ಬಾಯಿಂದ ಕೇಳಿಯೇ ಇರುತ್ತೀರಿ. ಹುಲಿಯ ಮಟ್ಟಿಗೆ ಅದು ನಿಜವೇ. ಆದರೆ ಹುಲಿಯ ದಾಯಾದಿಯಾದ ಕಪ್ಪು ಚಿರತೆಯ ಹೆಸರು ಹೊತ್ತ ಒಂದು ಪುಟ್ಟ ಜೀವಿ ಇದೆ. ಹಸಿವಾದರೆ ಅದು ಹುಡುಕಿಕೊಂಡು ಹೋಗುವುದು ಎಳೆಯ ಎಲೆಯ ತುದಿಯನ್ನು! ಅದರ ಹೆಸರು ಬಘೀರಾ ಕಿಪ್ಲಿಂಗಿ. ಅದೊಂದು ಜೇಡ. ಅಕ್ಕಿ ಕಾಳಿನಷ್ಟು ಉದ್ದದ, ಬಲೆ ಹೆಣೆದು ಕಾಯದೆ ಜಿಗಿದು ಓಡಾಡುವ ಜೇಡ. ವಾಸ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಮುಳ್ಳುಮರಗಳಲ್ಲಿ.

ಪ್ರಿಯ ಯುವ ಓದುಗರೇ, ಜೇಡವೆಂದೊಡನೆ ಪೊರಕೆಗೆ ಕೈ ಹಾಕಬೇಡಿ. ಇಂದು ನಿಮ್ಮನ್ನು ಒಂದು ಪ್ರವಾಸಕ್ಕೆ ಕರೆದುಕೊಂಡು ಹೋಗುವವಳಿದ್ದೇನೆ. ಸಾಮಾನ್ಯವಾಗಿ ಪ್ರವಾಸ ಲೇಖನವೆಂದರೆ ಮನುಷ್ಯರು ಹೋಗಿಬಂದ ಕಥೆ. ಇದು ಒಂದು ಹೆಸರು ಹೋದ ಕಥೆ. ಹೋದದ್ದು ಮರಳಿ ಬರಲಿಲ್ಲ. ಹೋದ ಊರಿನಲ್ಲೇ ಉಳಿದುಕೊಂಡಿತು. ಮುಂಬಯಿಯಿಂದ ಹೊರಟು, ಮಧ್ಯಪ್ರದೇಶದ ಕಾಡು ಹೊಕ್ಕು, ಅಮೆರಿಕದ ಹಿಮದ ನಾಡನ್ನು ದಾಟಿ, ಮೆಕ್ಸಿಕೋದ ಒಂದು ಮರದ ಮೇಲೆ ನಮ್ಮ ದಾರಿ ನಿಲ್ಲುತ್ತದೆ. ದೇಶ ಸುತ್ತು, ಕೋಶ ಓದು ಎನ್ನುತ್ತಾರಲ್ಲ, ಈ ಪ್ರವಾಸದಲ್ಲಿ ಎರಡೂ ಇವೆ. ಮುಂಬಯಿ ಮತ್ತು ಮಧ್ಯಪ್ರದೇಶದ ಭಾಗ ನಾನು ಕಾಲಿನಿಂದ ನಡೆದದ್ದು. ಸಮುದ್ರದಾಚೆಯದು ಪುಸ್ತಕ, ಸಂಶೋಧನೆಗಳ ಓದಿನಿಂದ ನಡೆದದ್ದು.

ಮೊದಲ ನಿಲ್ದಾಣ: ಮುಂಬಯಿ

ಮುಂಬಯಿಯಲ್ಲಿರುವವರಿಗೆ ಇದು ಲೋಕಲ್ ಟಿಕೇಟಿನ ಪ್ರವಾಸ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿ ಇಳಿದು, ದಾದಾಭಾಯಿ ನವರೋಜಿ ರಸ್ತೆಯಲ್ಲಿ ಕ್ರಾಫರ್ಡ್ ಮಾರ್ಕೆಟ್ಟಿನ ಕಡೆಗೆ ನಡೆಯಿರಿ. ಮಾರ್ಕೆಟ್ಟಿನ ಬಾಗಿಲ ಮೇಲೆ ಕಲ್ಲಿನಲ್ಲಿ ಕೊರೆದ ರೈತಾಪಿ ಜನರ ಚಿತ್ರಗಳಿವೆ. ಹಣ್ಣು, ತರಕಾರಿಯ ಚೌಕಾಶಿಯ ನಡುವೆ ತಲೆಯೆತ್ತಿ ನೋಡುವವರು ಕಡಿಮೆ. ನೀವು ನೋಡಿ. ಅವನ್ನು ರೂಪಿಸಿದವರು ಜಾನ್ ಲಾಕ್‌ವುಡ್ ಕಿಪ್ಲಿಂಗ್. ೧೮೬೫ರಲ್ಲಿ ಇಂಗ್ಲೆಂಡಿನಿಂದ ಬಂದು, ಹತ್ತಿರದಲ್ಲೇ ಇರುವ ಜೆ. ಜೆ. ಕಲಾಶಾಲೆಯಲ್ಲಿ ಶಿಲ್ಪಕಲೆ ಕಲಿಸಿದ ಮೇಷ್ಟರು. ಅದೇ ವರ್ಷದ ಡಿಸೆಂಬರ್ ೩೦ರಂದು ಆ ಶಾಲೆಯ ಆವರಣದಲ್ಲೇ ಅವರ ಮಗ ಹುಟ್ಟಿದ. ಅವನೇ ರಡ್ಯಾರ್ಡ್ ಕಿಪ್ಲಿಂಗ್, ಮುಂದೆ ‘ಜಂಗಲ್ ಬುಕ್’ ಬರೆದವನು.

ಕಲಾಶಾಲೆಯ ಒಳಗೆ, ಮರಗಳ ನೆರಳಿನಲ್ಲಿ, ಹಸಿರು ಬಣ್ಣದ ಮರಗೆಲಸದ ಒಂದು ಬಂಗಲೆ ಇದೆ. ಎದುರಿಗೆ ಕಿಪ್ಲಿಂಗನ ನೆನಪಿನ ಗುರುತೂ ಇದೆ. ಬಂದವರು ಅದೇ ಅವನು ಹುಟ್ಟಿದ ಮನೆಯೆಂದು ಫೋಟೋ ತೆಗೆದುಕೊಳ್ಳುತ್ತಾರೆ. ಆದರೆ ಅವನು ಹುಟ್ಟಿದ ಹಳೆಯ ಮನೆ ಎಂದೋ ಕೆಡವಿ ಹೋಗಿದೆ. ಈ ಬಂಗಲೆ ಆಮೇಲೆ ಎದ್ದದ್ದು. ಮನೆ ಹೋಯಿತು, ಹೆಸರು ಉಳಿಯಿತು. ಊರಿನಲ್ಲಿ ನಿಮ್ಮ ಮುತ್ತಜ್ಜನ ಮನೆ ಇದ್ದ ಜಾಗದಲ್ಲಿ ಈಗ ಬೇರೆ ಯಾರದೋ ತಾರಸಿ ಮನೆ ಇದ್ದು, ಆದರೂ ಊರಿನವರು ಅದನ್ನು ಇಂದಿಗೂ ನಿಮ್ಮ ಮನೆತನದ ಹೆಸರಿನಿಂದಲೇ ಕರೆಯುತ್ತಿದ್ದರೆ ಈ ಮಾತು ನಿಮಗೆ ಅರ್ಥವಾಗುತ್ತದೆ.

ಐದು ವರ್ಷ ತುಂಬಿದ ಮೇಲೆ, ೧೮೭೧ರಲ್ಲಿ, ಹುಡುಗನನ್ನು ಓದಿಗೆಂದು ಇಂಗ್ಲೆಂಡಿಗೆ ಕಳಿಸಿದರು. ತಾಯಿತಂದೆಯಿಲ್ಲದೆ ಪರರ ಮನೆಯಲ್ಲಿ ಕಳೆದ ಆ ವರ್ಷಗಳು ಅವನ ಪಾಲಿಗೆ ಕಹಿಯಾಗಿದ್ದವು. ೧೮೮೨ರಲ್ಲಿ ಮರಳಿ ಬಂದು ಲಾಹೋರ್, ಅಲಹಾಬಾದುಗಳಲ್ಲಿ ಪತ್ರಕರ್ತನಾಗಿ ದುಡಿದ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನನ್ನಂಥವರಿಗೆ ಕಿಪ್ಲಿಂಗನೆಂದರೆ ಎರಡು ಮನಸ್ಸು. ಸಾಮ್ರಾಜ್ಯದ ಹಮ್ಮು ಅವನ ಬರಹದಲ್ಲಿ ಧಾರಾಳವಾಗಿದೆ, ಅದನ್ನು ಮರೆಮಾಚಬೇಕಿಲ್ಲ. ಆದರೂ ಹುಟ್ಟಿದ ಊರು ಬಿಟ್ಟ ಮಗುವಿನ ತಳಮಳ ಬಲ್ಲವನು ಅವನು. ಕಾಡಿಗೂ ಸಲ್ಲದೆ ಊರಿಗೂ ಸಲ್ಲದೆ ಒದ್ದಾಡುವ ಮೌಗ್ಲಿಯನ್ನು ಸೃಷ್ಟಿಸಲು ಅಂಥವನೇ ಬೇಕಿತ್ತೇನೋ.

ಎರಡನೆಯ ನಿಲ್ದಾಣ: ಸಿಯೋನಿ

ಮೌಗ್ಲಿಯ ಕಾಡು ಯಾವುದು? ಕಥೆಯಲ್ಲಿ ಬರುವುದು ಸಿಯೋನಿ ಬೆಟ್ಟಗಳು. ಇಂದಿನ ಮಧ್ಯಪ್ರದೇಶದ ಸಿಯೋನಿ ಜಿಲ್ಲೆ ಅದೇ. ಅಲ್ಲಿನ ಪೆಂಚ್ ಹುಲಿ ಅಭಯಾರಣ್ಯಕ್ಕೆ ಮುಂಬಯಿ, ಪುಣೆಯವರು ರೈಲಿನಲ್ಲಿ ನಾಗಪುರಕ್ಕೆ ಹೋಗಿ, ಅಲ್ಲಿಂದ ಉತ್ತರಕ್ಕೆ ಸುಮಾರು ಎರಡು ಗಂಟೆಯ ರಸ್ತೆ ಪ್ರಯಾಣ ಮಾಡಿದರೆ ಸಾಕು. ಹೈದರಾಬಾದಿನವರಿಗಂತೂ ನೇರ ದಾರಿ. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ೪೪ ಬೆಂಗಳೂರು, ಹೈದರಾಬಾದು, ನಾಗಪುರಗಳನ್ನು ದಾಟಿ ಈ ಕಾಡಿನ ನಡುವೆಯೇ ಹಾದುಹೋಗುತ್ತದೆ. ಕಾಡು ಬಂದಾಗ ರಸ್ತೆ ಕಂಬಗಳ ಮೇಲೆ ಏರುತ್ತದೆ. ಅಡಿಯಲ್ಲಿ ಪ್ರಾಣಿಗಳು ಓಡಾಡಲು ಜಾಗ ಬಿಟ್ಟಿದ್ದಾರೆ. ಮೇಲೆ ಲಾರಿಗಳ ಸಾಲು, ಕೆಳಗೆ ಹುಲಿ, ಜಿಂಕೆಗಳ ಹಾದಿ!

ಪೆಂಚ್ ನಮ್ಮ ಪಶ್ಚಿಮ ಘಟ್ಟದಂತೆ ಕತ್ತಲುಗಟ್ಟಿದ ಕಾಡಲ್ಲ. ತೇಗದ ಮರಗಳ, ಹುಲ್ಲುಗಾವಲಿನ ತೆರೆದ ಕಾಡು. ಬೇಸಿಗೆಯಲ್ಲಿ ಎಲೆ ಉದುರಿದ ಮೇಲೆ ಬೆಳ್ಳನೆಯ ತೊಗಟೆಯ ಮರಗಳು ಬೆಳದಿಂಗಳಲ್ಲಿ ದೆವ್ವದಂತೆ ಕಾಣುತ್ತವೆ ಎಂದು ಅಲ್ಲಿನವರು ನಗುತ್ತ ಹೇಳುತ್ತಾರೆ. ಎತ್ತ ನೋಡಿದರೂ ಮೌಗ್ಲಿಯ ಚಿತ್ರ, ಬಘೀರಾನ ಹೆಸರಿನ ವಸತಿಗೃಹ. ಸೋಜಿಗವೆಂದರೆ ಕಿಪ್ಲಿಂಗ್ ಈ ಕಾಡಿಗೆ ಬಂದ ದಾಖಲೆಯೇ ಇಲ್ಲ. ರಾಬರ್ಟ್ ಸ್ಟರ್ನ್‌ಡೇಲ್ ಎಂಬ ಇಂಗ್ಲಿಷ್ ಅಧಿಕಾರಿ ಸಾತ್ಪುಡಾ ಶ್ರೇಣಿಯ ಕಾಡಿನ ಬದುಕನ್ನು ಕುರಿತು ೧೮೭೭ರಲ್ಲಿ ಪ್ರಕಟಿಸಿದ ಪುಸ್ತಕ ಅವನಿಗೆ ನೆರವಾಯಿತು. ಇನ್ನು ಬರೆದದ್ದಾದರೂ ಎಲ್ಲಿ? ಅಮೆರಿಕದ ವರ್ಮಾಂಟ್ ರಾಜ್ಯದ ಬ್ರಾಟಲ್‌ಬರೋ ಎಂಬಲ್ಲಿ, ೧೮೯೨ರಲ್ಲಿ ಮದುವೆಯಾಗಿ ನೆಲೆಸಿದ ಮೇಲೆ, ಕಿಟಕಿಯ ಹೊರಗೆ ಹಿಮ ಬೀಳುತ್ತಿರುವಾಗ. ‘ಜಂಗಲ್ ಬುಕ್’ ೧೮೯೪ರಲ್ಲಿ ಪ್ರಕಟವಾಯಿತು, ಎರಡನೆಯ ಭಾಗ ೧೮೯೫ರಲ್ಲಿ. ಕಾಣದ ಕಾಡನ್ನು ದೂರದ ಊರಿನಲ್ಲಿ ಕುಳಿತು ಕಟ್ಟಿದ. ನಿಮ್ಮಲ್ಲಿ ಅನೇಕರು ಕನ್ನಡನಾಡನ್ನು ಹಿರಿಯರ ಮಾತಿನಿಂದಲೇ ಮನಸ್ಸಿನಲ್ಲಿ ಕಟ್ಟಿಕೊಂಡಿರುವುದು ಹೀಗೆಯೇ ಅಲ್ಲವೇ?

ಬಘೀರಾ ಎಂಬ ಹೆಸರು ‘ಬಾಘ್’ ಎಂಬ ಹಿಂದಿ ಮಾತಿನಿಂದ ಬಂದದ್ದು. ನಮ್ಮ ‘ವ್ಯಾಘ್ರ’ದ ನೆಂಟ. ಸಿನಿಮಾ ನೋಡಿದವರಿಗೆ ಬಘೀರಾ ಮೌಗ್ಲಿಯ ಕಾವಲುಗಾರನಾಗಿ ಗೊತ್ತು. ಪುಸ್ತಕ ಓದಿದರೆ ಇನ್ನೊಂದು ಸಂಗತಿ ಸಿಗುತ್ತದೆ. ಅವನು ಹುಟ್ಟಿದ್ದು ಕಾಡಿನಲ್ಲಲ್ಲ, ಉದಯಪುರದ ಅರಮನೆಯ ಪಂಜರದಲ್ಲಿ. ತಾಯಿ ಪಂಜರದಲ್ಲೇ ಸತ್ತಳು. ಬೆಳೆದ ಮೇಲೆ ಒಂದು ದಿನ ಬೀಗ ಮುರಿದು ಕಾಡಿಗೆ ಬಂದ. ಕೊರಳ ಪಟ್ಟಿಯ ಗುರುತು ಗಲ್ಲದ ಕೆಳಗೆ ಉಳಿದೇ ಇತ್ತು. ಅಂದರೆ ಸಿಯೋನಿಯ ಕಾಡಿಗೆ ಬಘೀರಾನೂ ಹೊರಗಿನಿಂದ ಬಂದವನೇ! ಆದರೂ ಆ ಕಾಡಿನ ನಿಯಮವನ್ನು ಅವನಷ್ಟು ಬಲ್ಲವರು ಕಡಿಮೆ.

ನಿಜಜೀವನದ ಕಪ್ಪು ಚಿರತೆ ಬೇರೆ ಜಾತಿಯ ಪ್ರಾಣಿಯಲ್ಲ. ಮಾಮೂಲು ಚಿರತೆಯೇ, ತಾಯಿತಂದೆಯರಿಬ್ಬರಿಂದಲೂ ಬರಬೇಕಾದ ಒಂದು ವಂಶಗುಣದಿಂದಾಗಿ ಮೈ ಕಪ್ಪಾಗುತ್ತದೆ. ಬಿಸಿಲು ಬಿದ್ದಾಗ ಆ ಕಪ್ಪಿನೊಳಗೆ ಚುಕ್ಕೆಗಳು ಕಾಣುತ್ತವೆ. ನಮ್ಮ ನಾಡಿನಲ್ಲಿ ಕಬಿನಿಯ ಕಾಡಿನಲ್ಲೂ ದಾಂಡೇಲಿಯ ಸುತ್ತಣ ಕಾಳಿ ಅಭಯಾರಣ್ಯದಲ್ಲೂ ಅದು ಕಾಣಿಸಿಕೊಂಡಿದೆ. ೨೦೨೪ರಲ್ಲಿ ತೆರೆಕಂಡ ಕನ್ನಡ ಚಿತ್ರವೊಂದಕ್ಕೂ ‘ಬಘೀರ’ ಎಂದೇ ಹೆಸರು. ಹೀಗೆ ಹೆಸರು ಊರೂರು ಸುತ್ತಿದೆ. ಆದರೆ ಅದರ ಅತಿ ದೂರದ ಸವಾರಿ ಇವಾವುದೂ ಅಲ್ಲ. ಅದಕ್ಕಾಗಿ ನಾವು ಸಮುದ್ರ ದಾಟಬೇಕು.

ಮೂರನೆಯ ನಿಲ್ದಾಣ: ಮಿಲ್ವಾಕೀ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ನಗರದಲ್ಲಿ ಜಾರ್ಜ್ ಪೆಕ್‌ಹ್ಯಾಮ್ ಎಂಬ ಶಾಲಾಮೇಷ್ಟರಿದ್ದರು. ಜೀವಶಾಸ್ತ್ರ ಕಲಿಸುತ್ತಿದ್ದರು, ಮುಂದೆ ನಗರದ ಗ್ರಂಥಾಲಯದ ಮುಖ್ಯಸ್ಥರಾದರು. ಅವರ ಪತ್ನಿ ಎಲಿಜಬೆತ್. ಹೆಣ್ಣುಮಕ್ಕಳು ಕಾಲೇಜಿಗೆ ಹೋಗುವುದೇ ಅಪರೂಪವಾಗಿದ್ದ ಕಾಲದಲ್ಲಿ, ೧೮೭೬ರಲ್ಲಿ, ವಾಸರ್ ಕಾಲೇಜಿನಿಂದ ಪದವಿ ಪಡೆದವರು. ಗಂಡಹೆಂಡಿರಿಬ್ಬರಿಗೂ ಒಂದೇ ಹುಚ್ಚು: ಜಿಗಿಯುವ ಜೇಡಗಳು. ಮನೆ, ಮಕ್ಕಳು, ಶಾಲೆ ಎಲ್ಲವನ್ನೂ ನಿಭಾಯಿಸುತ್ತಲೇ ಅರವತ್ತಕ್ಕೂ ಹೆಚ್ಚು ಕುಲಗಳಿಗೆ, ಮುನ್ನೂರಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಟ್ಟರು. ಗಂಡುಜೇಡ ಹೆಣ್ಣಿನ ಮುಂದೆ ಕಾಲೆತ್ತಿ ಕುಣಿಯುವುದನ್ನು ಗಂಟೆಗಟ್ಟಲೆ ನೋಡಿ ೧೮೮೯ರಲ್ಲಿ ಪ್ರಕಟಿಸಿದ ಅವರ ಬರಹ ಇಂದಿಗೂ ವಿಜ್ಞಾನಿಗಳಿಗೆ ಮೊದಲ ಪಾಠ. ಎಲಿಜಬೆತ್ ಅರವತ್ತು ದಾಟಿದ ಮೇಲೆ, ೧೯೧೬ರಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅಡುಗೆಮನೆಯಲ್ಲಿ ವಯಸ್ಸು ಕಳೆದ ನನ್ನಂಥವಳಿಗೆ ಈ ಒಂದು ಸಾಲು ಎಷ್ಟು ಹಿತ ಕೊಟ್ಟಿತೆಂದು ಹೇಳಲಾರೆ!

ಜಿಗಿಯುವ ಜೇಡವನ್ನು ನೀವು ನೋಡಿಲ್ಲವೆಂದು ಹೇಳಬೇಡಿ. ಮನೆಯ ಗೋಡೆಯ ಮೇಲೆ, ಕಿಟಕಿಯ ಸರಳಿನ ಮೇಲೆ, ಬಲೆ ಕಟ್ಟದೆ ತಿರುಗುತ್ತ, ನೀವು ಬೆರಳು ಆಡಿಸಿದರೆ ಸರಕ್ಕನೆ ತಿರುಗಿ ನಿಮ್ಮನ್ನೇ ನೋಡುವ ಪುಟ್ಟ ಬೂದು ಜೇಡವಿದೆಯಲ್ಲ, ಅದೇ ಇದರ ನೆಂಟ. ಎಂಟು ಕಣ್ಣು, ಮುಂದಿನ ಎರಡು ಕಾರಿನ ದೀಪದಂತೆ ದೊಡ್ಡವು. ಜಿಗಿಯಲು ಅದಕ್ಕೆ ಮಿಡತೆಯಂತೆ ದಪ್ಪ ತೊಡೆ ಬೇಕಿಲ್ಲ. ಮೈಯೊಳಗಿನ ದ್ರವವನ್ನು ಒತ್ತಿ ಕಾಲುಗಳಿಗೆ ನುಗ್ಗಿಸಿ, ಮಡಿಸಿದ ಕಾಲನ್ನು ಚಟ್ಟನೆ ಚಾಚಿ ಹಾರುತ್ತದೆ. ಹಾರುವ ಮುನ್ನ ಒಂದು ಎಳೆ ನೂಲನ್ನು ಅಂಟಿಸಿಯೇ ಹಾರುತ್ತದೆ. ತಪ್ಪಿದರೆ ಆ ನೂಲೇ ಗತಿ. ಜೇಡಗಳಲ್ಲೇ ಅತಿ ದೊಡ್ಡ ಬಳಗ ಇವುಗಳದು. ಪ್ರಪಂಚದಲ್ಲಿ ೬,೦೦೦ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಿದ್ದಾರೆ.

ಪೆಕ್‌ಹ್ಯಾಮ್ ದಂಪತಿ ೧೮೯೬ರಲ್ಲಿ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದಿಂದ ಬಂದ ಜೇಡಗಳನ್ನು ಪರೀಕ್ಷಿಸಿ ಒಂದು ಪ್ರಬಂಧ ಪ್ರಕಟಿಸಿದರು. ಅವರಿಗೆ ಹೊಸ ಹೆಸರುಗಳು ಬೇಕಿದ್ದವು. ‘ಜಂಗಲ್ ಬುಕ್’ ಬಂದು ಆಗ ಎರಡೇ ವರ್ಷ. ಒಂದು ಕುಲಕ್ಕೆ ತೋಳದ ನಾಯಕನ ಹೆಸರು, ಅಕೇಲಾ. ಇನ್ನೊಂದಕ್ಕೆ ಮೌಗ್ಲಿಯನ್ನು ಮಗನೆಂದು ಅಪ್ಪಿಕೊಂಡ ಹಳ್ಳಿಯ ಹೆಂಗಸು ಮೆಸುವಾಳ ಹೆಸರು. ಮತ್ತೊಂದಕ್ಕೆ ಮುಂಗುಸಿಯ ಕಥೆಯ ಹೆಣ್ಣು ನಾಗರ, ನಾಗೈನಾಳ ಹೆಸರು. ಇನ್ನೂ ಒಂದಕ್ಕೆ ಬಘೀರಾ. ಆ ಕುಲದ ಜೇಡಕ್ಕೆ ಕಥೆಗಾರನದೇ ಹೆಸರು ಸೇರಿಸಿ, ಬಘೀರಾ ಕಿಪ್ಲಿಂಗಿ! ಹೊಂಚಿ ಹಾರುವ ಬೇಟೆಗಾರನಿಗೆ ಕಪ್ಪು ಚಿರತೆಯ ಹೆಸರು ಒಪ್ಪುತ್ತದೆಂದು ಯಾರಿಗಾದರೂ ಅನಿಸಬೇಕಾದದ್ದೇ. ಕಿಪ್ಲಿಂಗ್ ವರ್ಮಾಂಟ್ ಬಿಟ್ಟು ಹೊರಟದ್ದೂ ಅದೇ ೧೮೯೬ರಲ್ಲಿ. ಅವನು ಅಮೆರಿಕದ ಮನೆ ಬಿಟ್ಟ ವರ್ಷವೇ ಅವನ ಹೆಸರು ಅಮೆರಿಕ ಖಂಡದ ಒಂದು ಜೀವಿಗೆ ಅಂಟಿಕೊಂಡಿತು.

ಆದರೆ ಗಮನಿಸಿ, ಪೆಕ್‌ಹ್ಯಾಮ್ ದಂಪತಿ ಹೆಸರಿಟ್ಟದ್ದು ಸತ್ತ ಜೇಡವನ್ನು ನೋಡಿ. ಅದೂ ಗಂಡುಜೇಡವನ್ನು ಮಾತ್ರ. ಹೆಣ್ಣಿನ ವಿವರಣೆ ಪ್ರಕಟವಾದದ್ದು ಸರಿಯಾಗಿ ನೂರು ವರ್ಷದ ಮೇಲೆ, ೧೯೯೬ರಲ್ಲಿ. ಮಾಡಿದವರು ವೇಯ್ನ್ ಮ್ಯಾಡಿಸನ್ ಎಂಬ ವಿಜ್ಞಾನಿ. ಅಲ್ಲಿಯವರೆಗೆ, ಅದರ ನಂತರವೂ ಕೆಲವು ವರ್ಷ, ಆ ಜೇಡ ಹೇಗೆ ಬದುಕುತ್ತದೆ, ಏನು ತಿನ್ನುತ್ತದೆ ಎಂದು ವಿಜ್ಞಾನಿಗಳಾರೂ ಕೇಳಿರಲಿಲ್ಲ. ಜೇಡವೆಂದ ಮೇಲೆ ಹುಳ ತಿನ್ನದೆ ಇನ್ನೇನು? ಅದಕ್ಕೂ ಮೇಲೆ ಬಘೀರಾ ಎಂಬ ಹೆಸರು!

ನಾಲ್ಕನೆಯ ನಿಲ್ದಾಣ: ಮೆಕ್ಸಿಕೋದ ಮುಳ್ಳುಮರ

ಮೆಕ್ಸಿಕೋದ ಆಗ್ನೇಯ ತುದಿಯಲ್ಲಿ, ಕೆರಿಬಿಯನ್ ಸಮುದ್ರದ ದಡದಲ್ಲಿ, ಕಿಂತಾನಾ ರೋ ಎಂಬ ರಾಜ್ಯವಿದೆ. ಕಾಂಕುನ್ ಎಂಬ ವಿಹಾರದ ಊರು, ತುಲುಮ್ ಎಂಬಲ್ಲಿ ಸಮುದ್ರದಂಚಿನ ಮಾಯಾ ಜನರ ಹಳೆಯ ಕೋಟೆ ಇರುವುದು ಇಲ್ಲೇ. ಸುಣ್ಣಕಲ್ಲಿನ ನೆಲ, ಗಿಡ್ಡ ಕಾಡು, ಧಗೆ. ಆ ಕಾಡಿನ ಅಂಚಿನಲ್ಲಿ ಬೆಳೆಯುವ ಒಂದು ಮರ ನಮ್ಮ ಕರಿಜಾಲಿಯ ಹತ್ತಿರದ ಸಂಬಂಧಿ. ಒಂದೇ ಕುಲ, ಅವೇ ಸಣ್ಣಸಣ್ಣ ಎಲೆಗಳ ಗರಿ. ಆದರೆ ಮುಳ್ಳು ನಮ್ಮ ಜಾಲಿಯ ಸೂಜಿಮುಳ್ಳಲ್ಲ. ಎತ್ತಿನ ಕೊಂಬಿನಂತೆ ಜೋಡಿಯಾಗಿ, ಉಬ್ಬಿ, ಟೊಳ್ಳಾಗಿರುತ್ತದೆ. ಮಾಯಾ ಜನ ಈ ಮರವನ್ನು ಸುಬಿನ್ ಎನ್ನುತ್ತಾರೆ.

ಈ ಟೊಳ್ಳು ಮುಳ್ಳು ಇರುವೆಗಳ ಮನೆ. ಮರ ಅವುಗಳಿಗೆ ಮನೆ ಮಾತ್ರವಲ್ಲ, ಊಟವನ್ನೂ ಕೊಡುತ್ತದೆ. ಎಲೆಯ ಬುಡದಲ್ಲಿ ಸಿಹಿ ರಸದ ಪುಟ್ಟ ಬಟ್ಟಲು. ಎಳೆ ಎಲೆಗಳ ತುದಿತುದಿಯಲ್ಲಿ ಹಳದಿ ಬಣ್ಣದ ಪುಟ್ಟ ಉಂಡೆಗಳು. ಮಧ್ಯ ಅಮೆರಿಕದ ನಿಕರಾಗುವಾದಲ್ಲಿ ಚಿನ್ನದ ಗಣಿ ನೋಡಿಕೊಳ್ಳಲು ಹೋಗಿದ್ದ ಥಾಮಸ್ ಬೆಲ್ಟ್ ಎಂಬ ಇಂಗ್ಲಿಷ್ ಎಂಜಿನಿಯರ್ ೧೮೭೪ರ ತನ್ನ ಪುಸ್ತಕದಲ್ಲಿ ಇವನ್ನು ವರ್ಣಿಸಿದ. ಹಾಗಾಗಿ ಅವಕ್ಕೆ ಬೆಲ್ಟನ ಉಂಡೆಗಳೆಂದೇ ಹೆಸರು. ಪ್ರತಿಯಾಗಿ ಇರುವೆಗಳು ಮರವನ್ನು ಕಾಯುತ್ತವೆ. ಎಲೆ ಮೇಯಲು ಬಂದ ಹುಳುವನ್ನು ಓಡಿಸುತ್ತವೆ, ಕೈ ತಾಕಿಸಿದ ಮನುಷ್ಯನನ್ನು ಚೇಳಿನಂತೆ ಕುಟುಕುತ್ತವೆ, ಹಬ್ಬಿ ಬರುವ ಬಳ್ಳಿಯನ್ನು ಕತ್ತರಿಸುತ್ತವೆ. ಡೇನಿಯಲ್ ಜಾನ್ಜೆನ್ ಎಂಬ ವಿಜ್ಞಾನಿ ಮರಗಳಿಂದ ಇರುವೆಗಳನ್ನು ತೆಗೆದುಹಾಕಿ ನೋಡಿದರು. ಕಾವಲಿಲ್ಲದ ಮರಗಳು ಸೊರಗಿದವು, ಹಲವು ಸತ್ತೇಹೋದವು. ಇದು ೧೯೬೬ರಲ್ಲಿ ಪ್ರಕಟವಾಯಿತು. ಮರ, ಇರುವೆಗಳ ಕೊಡುಕೊಳ್ಳುವಿಕೆಗೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗುವುದು ಕಷ್ಟ.

ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಗುತ್ತದೆಂದು ನಮ್ಮಲ್ಲಿ ಹೇಳುವುದಿಲ್ಲವೇ? ಇಲ್ಲಿ ಬಂದು ಸೇರಿದವನು ನಮ್ಮ ಬಘೀರಾ. ೨೦೦೧ರಲ್ಲಿ ಎರಿಕ್ ಓಲ್ಸನ್ ಎಂಬ ಪ್ರಾಧ್ಯಾಪಕರು ಕೋಸ್ಟರಿಕಾ ದೇಶದಲ್ಲಿ ಈ ಜೇಡ ಬೆಲ್ಟನ ಉಂಡೆಯನ್ನು ಕಿತ್ತು ತಿನ್ನುವುದನ್ನು ಕಂಡರು. ೨೦೦೭ರಲ್ಲಿ, ಅವರ ವಿಷಯ ತಿಳಿಯದೆಯೇ, ಕ್ರಿಸ್ಟೋಫರ್ ಮೀಹನ್ ಎಂಬಾತ ಕಿಂತಾನಾ ರೋದಲ್ಲಿ ಅದನ್ನೇ ಕಂಡ. ಮೀಹನ್ ಆಗಿನ್ನೂ ಪದವಿ ತರಗತಿಯ ವಿದ್ಯಾರ್ಥಿ, ನಿಮ್ಮದೇ ವಯಸ್ಸು! ಇಬ್ಬರೂ ಜೊತೆಗೂಡಿ, ಇತರರೊಂದಿಗೆ ೨೦೦೯ರಲ್ಲಿ ‘ಕರೆಂಟ್ ಬಯಾಲಜಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೆಕ್ಸಿಕೋದ ಈ ಜೇಡಗಳ ಆಹಾರದಲ್ಲಿ ನೂರಕ್ಕೆ ೯೦ ಪಾಲಿಗೂ ಹೆಚ್ಚು ಬೆಲ್ಟನ ಉಂಡೆಗಳೇ. ಕೋಸ್ಟರಿಕಾದಲ್ಲಿ ೬೦ ಪಾಲು. ಕಣ್ಣಿಂದ ಕಂಡದ್ದು ಸಾಲದೆಂದು ಜೇಡದ ಮೈಯ ನೈಟ್ರೋಜನ್ನನ್ನು ಪರೀಕ್ಷಿಸಿದರು. ಅದೂ ಸಸ್ಯಾಹಾರಿಯ ಲೆಕ್ಕವನ್ನೇ ಹೇಳಿತು. ಆ ದಿನಗಳಲ್ಲಿ ಗೊತ್ತಿದ್ದ ಸುಮಾರು ೪೦,೦೦೦ ಜಾತಿಯ ಜೇಡಗಳಲ್ಲಿ ಮುಖ್ಯವಾಗಿ ಸಸ್ಯಾಹಾರದಿಂದಲೇ ಬದುಕುವುದೆಂದು ಕಂಡುಬಂದದ್ದು ಇದೊಂದೇ.

ಮಡಿವಂತ ಸಸ್ಯಾಹಾರಿಯೆಂದೇನೂ ತಿಳಿಯಬೇಡಿ. ಆಗಾಗ ಇರುವೆಯ ಮರಿಯನ್ನು ಕದಿಯುತ್ತದೆ, ಸಿಹಿ ರಸ ಹೀರುತ್ತದೆ, ಬರಗಾಲದಲ್ಲಿ ತನ್ನವರನ್ನೂ ತಿನ್ನುತ್ತದೆ. ಆದರೆ ದಿನದ ಊಟ ಆ ಹಳದಿ ಉಂಡೆಯೇ. ಅದನ್ನು ಪಡೆಯುವ ಪರಿ ನೋಡಬೇಕು. ಇರುವೆಗಳ ಕಾವಲು ಎಳೆ ಎಲೆಗಳ ಬಳಿ ಹೆಚ್ಚು. ಜೇಡ ಗೂಡು ಕಟ್ಟುವುದು ಇರುವೆ ಅಷ್ಟಾಗಿ ಸುಳಿಯದ ಹಳೆಯ ಎಲೆಗಳ ತುದಿಯಲ್ಲಿ. ಹೊಂಚುಹಾಕಿ ಬಂದು, ಉಂಡೆ ಕಿತ್ತು, ಇರುವೆ ಎದುರಾದರೆ ಪಕ್ಕದ ಎಲೆಗೆ ಹಾರಿ, ಇಲ್ಲವೇ ನೂಲು ಹಿಡಿದು ಕೆಳಗಿಳಿದು ತಪ್ಪಿಸಿಕೊಳ್ಳುತ್ತದೆ. ದೊಡ್ಡ ಕಣ್ಣು, ಜಿಗಿತ, ನೂಲು, ಹೊಂಚು: ಬೇಟೆಗಾರನ ವಿದ್ಯೆಯೆಲ್ಲ ಹಾಗೆಯೇ ಇದೆ. ಬೇಟೆ ಮಾತ್ರ ಓಡದ ಚಿಗುರು!

ಬಘೀರಾ ಕುಲದಲ್ಲಿ ಈಗ ನಾಲ್ಕು ಪ್ರಭೇದಗಳಿವೆ. ಒಂದು ಕಿಪ್ಲಿಂಗಿ. ಎರಡನೆಯದು ಪ್ರಾಸ್ಪರ್, ಮೆಕ್ಸಿಕೋ ಮತ್ತು ಅಮೆರಿಕದ ಟೆಕ್ಸಸ್ ಕಡೆಯದು, ಇದನ್ನೂ ವರ್ಣಿಸಿದವರು ಪೆಕ್‌ಹ್ಯಾಮ್ ದಂಪತಿಯೇ, ೧೯೦೧ರಲ್ಲಿ. ಉಳಿದೆರಡು ೨೦೧೩ರಲ್ಲಿ ಸೇರಿದವು. ಕೋಸ್ಟರಿಕಾದ ಲಾ ಸೆಲ್ವಾ ಎಂಬ ಮಳೆಕಾಡಿನ ಸಂಶೋಧನಾ ಕೇಂದ್ರದ ಹೆಸರಿನ ‘ಲಾಸೆಲ್ವಾ’, ಗ್ವಾಟೆಮಾಲಾದ ಮೊಟಾಗುವಾದ ಹೆಸರಿನ ‘ಮೊಟಾಗುವಾ’. ನೋಡಿದಿರಾ? ಕುಲದ ಹೆಸರು ನಮ್ಮ ದೇಶದ್ದು. ಹೊಸ ಮಕ್ಕಳಿಗೆ ಬಂದದ್ದು ಅವು ಬದುಕುವ ನೆಲದ ಹೆಸರು.

ಪ್ರವಾಸದ ಲೆಕ್ಕ

ಇಷ್ಟು ದೂರ ನಿಮ್ಮನ್ನು ನಡೆಸಿದ್ದಕ್ಕೆ ಕಾರಣವಿದೆ. ಈ ಕಥೆಯಲ್ಲಿ ಹೊರಗಿನವರು ಯಾರು? ಜೇಡವಲ್ಲ. ಅದು ಆ ಮರದಲ್ಲೇ ಹುಟ್ಟಿ, ಆ ಇರುವೆಗಳ ನಡುವೆಯೇ ಬೆಳೆದದ್ದು. ಸಿಯೋನಿಯನ್ನೂ ಮುಂಬಯಿಯನ್ನೂ ಕಂಡದ್ದಲ್ಲ. ಹೊರಗಿನಿಂದ ಬಂದದ್ದು ಹೆಸರು ಮಾತ್ರ. ಜೀವ ಆ ಊರಿನದೇ.

ಈಗ ನಿಮ್ಮ ಕಡೆ ತಿರುಗುತ್ತೇನೆ. ನಿಮ್ಮ ಅಡ್ಡಹೆಸರು ಹುಬ್ಬಳ್ಳಿಯದೋ ಬಿಜಾಪುರದ್ದೋ ಕುಂದಾಪುರದ್ದೋ ಇರಬಹುದು. ನೀವು ಹುಟ್ಟಿದ್ದು ಡೊಂಬಿವಲಿಯಲ್ಲಿ, ಪಿಂಪ್ರಿಯಲ್ಲಿ, ತಿ. ನಗರದಲ್ಲಿ, ಕರೋಲ್‌ಬಾಗಿನಲ್ಲಿ. ಕಾಲೇಜಿನಲ್ಲಿ ಹಾಜರಿ ಕೂಗುವಾಗ ಹೆಸರು ಕೇಳಿದವರು ‘ನೀವು ಮೂಲತಃ ಎಲ್ಲಿಯವರು?’ ಎನ್ನುತ್ತಾರೆ. ರಜೆಯಲ್ಲಿ ಊರಿಗೆ ಹೋದರೆ ಅಲ್ಲಿಯ ಮಕ್ಕಳು ‘ಇವರು ಮುಂಬಯಿಯವರು’ ಎಂದು ನಿಮ್ಮ ಕನ್ನಡ ಕೇಳಿ ನಗುತ್ತಾರೆ. ಇತ್ತ ಹೊರಗಿನವರು, ಅತ್ತಲೂ ಹೊರಗಿನವರು. ಈ ನೋವನ್ನು ನಿಮ್ಮಲ್ಲಿ ಹಲವರು ನನ್ನ ಮುಂದೆ ಆಡಿದ್ದೀರಿ. ಕೆಲವರು ಹೆಸರನ್ನೇ ಮೊಟಕು ಮಾಡಿಕ್ಕೊಂಡದ್ದನ್ನೂ ಬಲ್ಲೆ.

ನನಗೆ ಹೊಳೆದದ್ದು ಇಷ್ಟೆ. ನೀವು ಹೊರಗಿನವರಲ್ಲ. ನಿಮ್ಮ ಹೆಸರು ಹೊರಗಿನಿಂದ ಬಂದದ್ದು. ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಕಷ್ಟ. ಹುಟ್ಟಿ ಬೆಳೆದ ನಗರ ನಿಮ್ಮದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಹೆಸರು ದೂರದ್ದು, ಅದಕ್ಕೆ ನಾಚಿಕೆಯೂ ಬೇಡ. ದೂರದಿಂದ ಬಂದ ಹೆಸರಿನ ಹಿಂದೆ ಒಂದು ದಾರಿ ಇರುತ್ತದೆ. ಅಕ್ಕಿ ಕಾಳಿನಷ್ಟು ಜೇಡದ ಹೆಸರನ್ನು ಹಿಡಿದು ಹೊರಟ ನಮಗೆ ಕ್ರಾಫರ್ಡ್ ಮಾರ್ಕೆಟ್ಟಿನ ಕಲ್ಲುಚಿತ್ರ, ಉದಯಪುರದ ಪಂಜರ, ಮಿಲ್ವಾಕೀಯ ಮೇಷ್ಟರ ಮನೆ, ಮಾಯಾ ಜನರ ಮರ ಸಿಕ್ಕವಲ್ಲ! ನಿಮ್ಮ ಹೆಸರನ್ನು ಹಿಡಿದು ಹೊರಟರೆ ಏನು ಸಿಕ್ಕೀತೆಂದು ಹುಡುಕಿದ್ದೀರಾ? ಅಜ್ಜ ಊರು ಬಿಟ್ಟದ್ದು ಯಾವ ವರ್ಷ, ಯಾವ ರೈಲಿನಲ್ಲಿ, ಯಾರ ಖೋಲಿಯಲ್ಲಿ ಮೊದಲ ರಾತ್ರಿ ಮಲಗಿದ, ಎಂದು ಕೇಳಿದ್ದೀರಾ? ಹೇಳುವವರು ಇರುವಾಗಲೇ ಕೇಳಬೇಕು.

ಒಂದು ಎಚ್ಚರಿಕೆ. ಆ ಜೇಡ ಮರಕ್ಕೂ ಇರುವೆಗೂ ಏನೂ ಕೊಡದೆ ತಿನ್ನುತ್ತದೆಂದು, ಪರವೂರಿನಲ್ಲಿ ನೆಲೆಸಿದವರೂ ಹಾಗೆಯೇ ಎಂದು ಯಾರಾದರೂ ಹೋಲಿಸಿದರೆ ಒಪ್ಪಬೇಡಿ. ಹಗಲು ಹೋಟೆಲಿನಲ್ಲಿ ದುಡಿದು ಇರುಳು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತವರ ಮಕ್ಕಳು, ಮೊಮ್ಮಕ್ಕಳು ನೀವು. ಈ ನಗರಗಳಿಗೆ ನಮ್ಮವರು ಕೊಟ್ಟದ್ದು ಕಡಿಮೆಯಲ್ಲ. ಜೇಡದ ಬದುಕು ಜೇಡದ್ದು. ಅದರಿಂದ ನೀತಿಪಾಠ ಕಿತ್ತುಕೊಳ್ಳಬೇಕಿಲ್ಲ, ನೋಡಿ ಸಂತೋಷಪಟ್ಟರೆ ಸಾಕು.

ಇನ್ನೊಂದು ಮಾತು ನಮಗೆ, ಹಿರಿಯರಿಗೆ. ಬಘೀರಾ ಎಂದು ಹೆಸರಿಟ್ಟ ಮೇಲೆ ನೂರಕ್ಕೂ ಹೆಚ್ಚು ವರ್ಷ ಆ ಜೇಡದ ತಟ್ಟೆಯಲ್ಲಿ ಏನಿದೆ ಎಂದು ನೋಡಿದವರಿಲ್ಲ. ಹೆಸರೇ ಸಾಕೆನಿಸಿತ್ತು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ ಎಂದು ನಗುವ ನಾವು ಮಕ್ಕಳ ವಿಷಯದಲ್ಲಿ ಅದನ್ನೇ ಮಾಡುತ್ತೇವೆ. ‘ಹೊರನಾಡ ಕನ್ನಡ ಯುವಜನ’ ಎಂದು ಒಂದು ಹೆಸರು ಕೊಟ್ಟು, ರಾಜ್ಯೋತ್ಸವದ ದಿನ ವೇದಿಕೆ ಹತ್ತಿಸಿ, ಅವರು ಏನು ಓದುತ್ತಾರೆ, ಯಾವ ಭಾಷೆಯಲ್ಲಿ ಕನಸು ಕಾಣುತ್ತಾರೆ ಎಂದು ಕೇಳುವುದೇ ಇಲ್ಲ. ಕೇಳಿದರೆ ನಾವು ಎಣಿಸದ ಉತ್ತರ ಬಂದೀತು. ಬರಲಿ. ಮರದ ಕೆಳಗೆ ತಾಳ್ಮೆಯಿಂದ ನಿಂತು ನೋಡಿದವನಿಗೆ ಮಾತ್ರ ಆ ಜೇಡದ ಗುಟ್ಟು ಸಿಕ್ಕಿತು.

ಮೆಕ್ಸಿಕೋಗೆ ಹೋಗಲು ಎಲ್ಲರಿಗೂ ಆಗುವುದಿಲ್ಲ, ಬೇಕಾಗಿಯೂ ಇಲ್ಲ. ನಿಮ್ಮ ಮನೆಯ ಗೋಡೆಯ ಬೂದು ಜೇಡವನ್ನು ಹೇಳಿದೆನಲ್ಲ, ಆ ಬಗೆಯ ಮನೆಜೇಡಗಳು ಹಡಗು, ಸರಕುಗಳ ಜೊತೆ ಪಯಣಿಸಿ ಇಂದು ಪ್ರಪಂಚದ ಬಿಸಿನಾಡುಗಳಲ್ಲೆಲ್ಲ ನೆಲೆಸಿವೆ. ೨೦೨೧ರಲ್ಲಿ ಮಹಾರಾಷ್ಟ್ರದಲ್ಲೇ ಸಿಕ್ಕ ಹೊಸ ಜಿಗಿಯುವ ಜೇಡವೊಂದಕ್ಕೆ ವಿಜ್ಞಾನಿಗಳು ‘ತುಕಾರಾಮಿ’ ಎಂದು ಹೆಸರಿಟ್ಟರು. ೨೦೦೮ರ ನವೆಂಬರ್ ೨೬ರ ರಾತ್ರಿ ಮುಂಬಯಿಯಲ್ಲಿ ಗುಂಡಿಗೆ ಎದೆಯೊಡ್ಡಿ ಭಯೋತ್ಪಾದಕನನ್ನು ಹಿಡಿದುಕೊಟ್ಟ ಪೊಲೀಸ್ ಅಧಿಕಾರಿ ತುಕಾರಾಮ್ ಓಂಬ್ಳೆಯವರ ನೆನಪಿಗೆ. ಇಂಥವು ನಮ್ಮ ಸುತ್ತ ಇನ್ನೂ ಎಷ್ಟಿವೆಯೋ!

ಈ ಭಾನುವಾರ ಬೆಳಿಗ್ಗೆ, ಬಿಸಿಲು ಗೋಡೆಯ ಮೇಲೆ ಬಿದ್ದಾಗ, ಫೋನು ಬದಿಗಿಟ್ಟು ಹತ್ತು ನಿಮಿಷ ನೋಡಿ. ಪುಟ್ಟದೊಂದು ಜೇಡ ಕಂಡರೆ ಬೆರಳನ್ನು ಮೆಲ್ಲಗೆ ಆಡಿಸಿ. ಅದು ತಿರುಗಿ ನಿಮ್ಮನ್ನು ನೋಡುತ್ತದೆ. ನಿಮ್ಮ ಹೆಸರು ಅದಕ್ಕೆ ಗೊತ್ತಿಲ್ಲ. ನೀವು ಯಾವ ಊರಿನವರೆಂದು ಅದು ಕೇಳುವುದೂ ಇಲ್ಲ.